ಗೂಗಲ್ ಸರ್ಚ್ ಕನ್ಸೋಲ್: ಒಬ್ಬ ರೊಟ್ಟಿ ಮಾರುವವಳ ಎಂಟು ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದೊಂದು ರೊಟ್ಟಿ ಮನೆ ಇದೆ. ಏಳು ಜನ ಹೆಣ್ಣುಮಕ್ಕಳು ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಮಧ್ಯಾಹ್ನದ ತನಕ ತಟ್ಟುತ್ತಾರೆ. ಜೋಳದ ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಜೊತೆಗೆ ನಮ್ಮ ಕಡೆಯ ತೊಗರಿ ಬೇಳೆ. ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನ ಊರು ಬಿಟ್ಟವರು. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಚಪಾತಿ ತಿಂದು ಬೇಜಾರಾದಾಗ ನಮಗೆ ವಾಟ್ಸಾಪ್ ಮಾಡುವವರು. ಎಂಟು ತಿಂಗಳಿಂದ ಗೂಗಲ್ ಸರ್ಚ್ ಕನ್ಸೋಲ್ ಬಳಸುತ್ತಿದ್ದೇನೆ. ನಮ್ಮ ವೆಬ್‌ಸೈಟ್ ಗೂಗಲ್ ಹುಡುಕಾಟದಲ್ಲಿ ಬರುತ್ತದೋ ಇಲ್ಲವೋ ಅಂತ ತೋರಿಸುವ ಗೂಗಲ್‌ನದೇ ಸಾಧನ ಅದು. ಅದಕ್ಕೂ ಮುಂಚೆ ದುಡ್ಡು ಕೊಟ್ಟು ಒಂದು ‘ಸರ್ವಿಸ್’ ತೆಗೆದುಕೊಂಡಿದ್ದೆ. ಎರಡರ ರುಚಿಯೂ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಹೋದ ವರ್ಷ ದಸರಾ ಹೊತ್ತಿಗೆ ನಮ್ಮ ವೆಬ್‌ಸೈಟ್ ಶುರುವಾಯಿತು. ನನ್ನ ನಾದಿನಿಯ ಮಗ, ಅಂದರೆ ನನಗೆ ಅಳಿಯ, ಬೆಂಗಳೂರಿನಲ್ಲಿದ್ದಾನೆ, ಅವನೇ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟ. ನಾವು ಕೊಟ್ಟಿದ್ದು ಡೊಮೇನ್ (ವೆಬ್‌ಸೈಟ್‌ನ ಹೆಸರು) ಮತ್ತು ಹೋಸ್ಟಿಂಗ್ (ಅದನ್ನು ಇಡುವ ಜಾಗ) ಖರ್ಚು ಮಾತ್ರ. ಚೆಂದ ಇತ್ತು. ಒಲೆ ಮುಂದಿನ ಫೋಟೋ, ರೊಟ್ಟಿ ಉಬ್ಬುವ ವಿಡಿಯೋ, ಎಲ್ಲ. ವಿಳಾಸ ಪೂರ್ತಿ ಟೈಪ್ ಮಾಡಿದರೆ ತೆರೆಯುತ್ತಿತ್ತು. ಗೂಗಲ್‌ನಲ್ಲಿ ಹುಡುಕಿದರೆ ಮಾತ್ರ ಇಲ್ಲ. ಹತ್ತನೇ ಪುಟದಲ್ಲೂ ಇಲ್ಲ. ನಮ್ಮ ಅಂಗಡಿ ಹೆಸರನ್ನೇ ಹಾಕಿ ಹುಡುಕಿದರೂ ಇಲ್ಲ! ಯಾವುದೋ ಊರಿನ ಅದೇ ಹೆಸರಿನ ಸೀರೆ ಅಂಗಡಿ ಬರುತ್ತಿತ್ತು.

ದೀಪಾವಳಿ ಮುಗಿದ ವಾರ ಒಂದು ಫೋನ್ ಬಂತು. “ಮೇಡಂ, ನಿಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಬರ್ತಾನೇ ಇಲ್ಲ, ನೋಡಿದೀರಾ?” ನೋಡಿದ್ದೆ, ಅದೇ ನನ್ನ ಸಂಕಟವಾಗಿತ್ತು. “30 ದಿನದಲ್ಲಿ ಮೊದಲನೇ ಪುಟ, ಗ್ಯಾರಂಟಿ” ಅಂದರು. ಎರಡು ತಿಂಗಳಿಗೆ 12,000 ರೂಪಾಯಿ. ಅಷ್ಟು ದುಡ್ಡಿಗೆ ಎಷ್ಟು ರೊಟ್ಟಿ ತಟ್ಟಬೇಕು ಅಂತ ನೀವು ಲೆಕ್ಕ ಹಾಕಬೇಡಿ, ನಾನು ಹಾಕಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಅವರ ಹೆಸರು ಇಲ್ಲಿ ಬೇಡ. ಇಂಥವರು ಒಬ್ಬರೇ ಇಲ್ಲ. ಹೊಸ ಡೊಮೇನ್ ತೆಗೆದುಕೊಂಡು ಒಂದು ತಿಂಗಳು ಕಾಯಿರಿ, ನಿಮಗೂ ಫೋನ್ ಬರುತ್ತದೆ.

ತಿಂಗಳ ಕೊನೆಗೆ ಬಣ್ಣಬಣ್ಣದ ಪಿಡಿಎಫ್ ರಿಪೋರ್ಟ್ ಕಳಿಸಿದರು. ಮೊದಲನೇ ಸಾಲು, ‘500 ಸರ್ಚ್ ಎಂಜಿನ್‌ಗಳಿಗೆ ಸಲ್ಲಿಸಲಾಗಿದೆ’. ಆಗ ಖುಷಿಯಾಗಿತ್ತು. ಈಗ ಯೋಚಿಸಿದರೆ ನಗು ಬರುತ್ತದೆ. ಗೂಗಲ್, ಬಿಂಗ್, ಯಾಹೂ, ಡಕ್‌ಡಕ್‌ಗೋ ಅಂತ ಬೆರಳು ಮಡಚಿದರೆ ನಮ್ಮ ಗಿರಾಕಿಗಳಿಗೆ ಒಂದು ಕೈ ಸಾಕು. ಉಳಿದ ನಾನೂರಾ ತೊಂಬತ್ತಾರು ಎಲ್ಲಿದ್ದವೋ! ಎರಡನೇ ಸಾಲು, ‘60 ಮೆಟಾ ಕೀವರ್ಡ್ ಸೇರಿಸಲಾಗಿದೆ’. ಈ ಮೆಟಾ ಕೀವರ್ಡ್, ಅಂದರೆ ಪುಟದ ಹಿಂದೆ ಕಾಣದ ಹಾಗೆ ಬರೆದಿಡುವ ಪದಗಳು, ಅನ್ನೋದನ್ನು ಸ್ಥಾನ ಕೊಡುವಾಗ ನಾವು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಬಾಯಿಬಿಟ್ಟು ಹೇಳಿದೆ. ಮೂರನೇ ಸಾಲು, ‘200 ಬ್ಯಾಕ್‌ಲಿಂಕ್’. ಅಂದರೆ ಬೇರೆ ವೆಬ್‌ಸೈಟ್‌ಗಳಿಂದ ನಮ್ಮ ಕಡೆ ಕೈ ತೋರಿಸುವ ಲಿಂಕು. ನಾಲ್ಕೈದು ತೆರೆದು ನೋಡಿದೆ. ಇಸ್ಪೀಟು, ಸಾಲ, ಕೂದಲು ಬೆಳೆಸುವ ಎಣ್ಣೆ, ನಡುವೆ ನಮ್ಮ ಜೋಳದ ರೊಟ್ಟಿ. ಸ್ಥಾನ ಏರಿಸಿಕೊಳ್ಳಲು ಹೀಗೆ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೇ ವಿರುದ್ಧ ಅಂತ ಆಮೇಲೆ ಓದಿದೆ. ಅಂದರೆ ದುಡ್ಡು ಕೊಟ್ಟು ಕೆಟ್ಟ ಹೆಸರು ತೆಗೆದುಕೊಂಡ ಹಾಗೆ.

ಎಳ್ಳಮಾವಾಸ್ಯೆ ಬಂತು, ಹೋಯಿತು. ನಮ್ಮ ಕಡೆ ಅದು ದೊಡ್ಡ ಹಬ್ಬ. ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವ ದಿನ. ಊರು ಬಿಟ್ಟವರಿಗೆ ಬಾಯಲ್ಲಿ ನೀರು ಬರುವ ದಿನವೂ ಅದೇ. ವೆಬ್‌ಸೈಟ್‌ನಿಂದ ಬಂದ ಆರ್ಡರ್ ಒಂದೇ ಒಂದು, ಅದೂ ಅಳಿಯನೇ ಚೆಕ್ ಮಾಡೋಕೆ ಹಾಕಿದ್ದು.

ಸಂಕ್ರಾಂತಿಯ ಮರುದಿನ ಎಳ್ಳು ಬೆಲ್ಲ ಕೊಡಲು ಬಂದ ಓಣಿಯ ಹುಡುಗಿ, ಇಂಜಿನಿಯರಿಂಗ್ ಓದುತ್ತಿರುವವಳು, ಒಂದು ಮಾತು ಕೇಳಿದಳು. “ಆಂಟಿ, ಸರ್ಚ್ ಕನ್ಸೋಲ್‌ನಾಗ ಹಾಕಿರೇನ್ರಿ?” ನನಗೆ ಆ ಹೆಸರೇ ಗೊತ್ತಿರಲಿಲ್ಲ. ಅವಳು ಮೊದಲು ಒಂದು ಪರೀಕ್ಷೆ ಮಾಡಿ ತೋರಿಸಿದಳು. ಗೂಗಲ್ ಹುಡುಕುವ ಡಬ್ಬಿಯಲ್ಲಿ ಸೈಟ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಅದಕ್ಕೆ ತಗುಲಿದ ಹಾಗೆ ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು (site:), ಜಾಗ ಬಿಡದೆ ನಮ್ಮ ವಿಳಾಸ ಹಾಕಿದಳು. ನಮ್ಮ ವೆಬ್‌ಸೈಟ್‌ನ ಯಾವ ಯಾವ ಪುಟ ಗೂಗಲ್ ಹತ್ತಿರ ಇದೆ ಅಂತ ಇದರಿಂದ ಸುಮಾರಾಗಿ ತಿಳಿಯುತ್ತದೆ. ಬಂದದ್ದು ಸೊನ್ನೆ. ಅಂದರೆ ನಾವು ಹಿಂದಿನ ಪುಟದಲ್ಲಿ ಇದ್ದೆವು ಅಂತಲ್ಲ, ಲೆಕ್ಕದಲ್ಲೇ ಇರಲಿಲ್ಲ.

ಇದು ನನಗೆ ಅರ್ಥವಾದದ್ದು ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಲೆಕ್ಕದಲ್ಲಿ. ನೆಹರು ಗಂಜಿಗೆ ತೊಗರಿ ಚೀಲ ತಂದು ಇಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಅಡತಿಯವರು, ಅಂದರೆ ದಲಾಲರು, ಬಂದು ಕಾಳು ಕೈಯಲ್ಲಿ ಹಿಡಿದು ನೋಡಬೇಕು, ವಹಿಯಲ್ಲಿ ಬರೆಯಬೇಕು, ಆಮೇಲೆ ರೇಟಿನ ಮಾತು. ಗೂಗಲ್ ಕೂಡ ಹಾಗೇ. ಮೊದಲು ಅದರ ಬಾಟ್, ಅಂದರೆ ತಾನೇ ಓಡಾಡುವ ಪ್ರೋಗ್ರಾಂ, ಬಂದು ಪುಟ ಓದುತ್ತದೆ, ಅದಕ್ಕೆ ಕ್ರಾಲ್ ಅನ್ನುತ್ತಾರೆ. ಸರಿ ಅನಿಸಿದರೆ ತನ್ನ ವಹಿಯಲ್ಲಿ ಬರೆದುಕೊಳ್ಳುತ್ತದೆ, ಅದು ಇಂಡೆಕ್ಸ್. ಯಾರಾದರೂ ಹುಡುಕಿದಾಗ ಯಾರನ್ನು ಮುಂದೆ ನಿಲ್ಲಿಸಬೇಕು ಅನ್ನೋದು ಮೂರನೇ ಮಾತು. ನನಗೆ ಫೋನ್ ಮಾಡಿದವರು ಮೂರನೇದನ್ನು ಮಾರಿದರು. ನನ್ನ ಚೀಲ ಇನ್ನೂ ಗೇಟಿನ ಹೊರಗೇ ಇತ್ತು.

ಸರ್ಚ್ ಕನ್ಸೋಲ್ ಪೂರ್ತಿ ಬಿಟ್ಟಿ. ಜಿಮೇಲ್ ಖಾತೆ ಇದ್ದರೆ ಸಾಕು. ಹಳಬರಿಗೆ ಇದು ವೆಬ್‌ಮಾಸ್ಟರ್ ಟೂಲ್ಸ್ ಅಂತ ಗೊತ್ತಿರಬಹುದು, 2015ರಲ್ಲಿ ಹೆಸರು ಬದಲಾಯಿತು. ಒಳಗೆ ಹೋಗುವ ಮೊದಲು ‘ಈ ವೆಬ್‌ಸೈಟ್ ನಿಮ್ಮದೇ ಅಂತ ತೋರಿಸಿ’ ಅನ್ನುತ್ತದೆ. ಎರಡು ದಾರಿ ಇವೆ. ಒಂದು, ಇಡೀ ಡೊಮೇನ್‌ಗೆ. ಅದಕ್ಕೆ ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್ ಅನ್ನೋ, ಡೊಮೇನ್‌ನ ವಿವರ ಬರೆದಿಡುವ ಜಾಗದಲ್ಲಿ ಗೂಗಲ್ ಕೊಟ್ಟ ಉದ್ದನೆ ಸಾಲನ್ನು ಟಿಎಕ್ಸ್‌ಟಿ ರೆಕಾರ್ಡ್ (ಬರೀ ಬರಹದ ನಮೂದು) ಆಗಿ ಅಂಟಿಸಬೇಕು. ಇನ್ನೊಂದು, ಒಂದು ವಿಳಾಸಕ್ಕೆ ಮಾತ್ರ. ಅದಕ್ಕೆ ಫೈಲ್ ಹಾಕಬಹುದು, ಇಲ್ಲವೇ ಒಂದು ಟ್ಯಾಗ್ ಸೇರಿಸಬಹುದು. ನಾನು ಮೊದಲನೇದು ಮಾಡಿದೆ. ನಿಮಗೂ ಅದೇ ಒಳ್ಳೆಯದು. ವಿಳಾಸದ ಶುರುವಿಗೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇದೆಯೋ ಇಲ್ಲವೋ, ಎಸ್ ಇರುವ ಎಚ್‌ಟಿಟಿಪಿಯೋ ಇಲ್ಲದ್ದೋ, ಎಲ್ಲ ಒಂದೇ ಲೆಕ್ಕಕ್ಕೆ ಬರುತ್ತದೆ. ಸಾಲು ಅಂಟಿಸಿ ‘ವೆರಿಫೈ’ ಒತ್ತಿದೆ. ಆಗಲಿಲ್ಲ. ಮತ್ತೆ ಒತ್ತಿದೆ. ಆಗಲಿಲ್ಲ. ಡಿಎನ್‌ಎಸ್ ಬದಲಾವಣೆ ಹರಡೋಕೆ ಹೊತ್ತು ಹಿಡಿಯುತ್ತದೆ ಅಂತ ಹುಡುಗಿ ಹೇಳಿ ಹೋದಳು. ಮಧ್ಯಾಹ್ನ ರೊಟ್ಟಿ ಎಣಿಸಿ ಕಟ್ಟಿ, ಕೈ ತೊಳೆದು ಬಂದು ಒತ್ತಿದೆ. ಹಸಿರು ಗುರುತು ಬಂತು.

ಒಳಗೆ ಮೇಲ್ಗಡೆಯೇ ಒಂದು ಉದ್ದನೆ ಡಬ್ಬಿ ಇದೆ. ಯಾವುದಾದರೂ ಪುಟದ ವಿಳಾಸ ಹಾಕಿದರೆ ಅದರ ಜಾತಕ ಹೇಳುತ್ತದೆ. ನಮ್ಮ ಮೊದಲ ಪುಟದ ವಿಳಾಸ ಹಾಕಿದೆ. ಈ ಪುಟ ಗೂಗಲ್‌ನಲ್ಲಿ ಇಲ್ಲ ಅಂತ ಬಂತು. ಅದು ಗೊತ್ತಿದ್ದದ್ದೇ. ಅದರ ಕೆಳಗಿನ ಸಾಲು ಓದಿ ನಾನು ಎದ್ದು ನಿಂತೆ. ನೋಇಂಡೆಕ್ಸ್ ಟ್ಯಾಗ್ ಇರುವುದರಿಂದ ಹೊರಗಿಡಲಾಗಿದೆ ಅಂತ ಇತ್ತು. ಅಂದರೆ ಗೂಗಲ್ ಬಂದಿತ್ತು, ಬಾಗಿಲು ತಟ್ಟಿತ್ತು. ‘ನಮ್ಮನ್ನು ಬರೆದುಕೊಳ್ಳಬೇಡಿ’ ಅಂತ ಬಾಗಿಲ ಮೇಲೆ ನಾವೇ ಬೋರ್ಡ್ ಹಾಕಿಕೊಂಡಿದ್ದೆವು.

ಅಳಿಯನಿಗೆ ಫೋನ್ ಹಚ್ಚಿದೆ.

“ಯಪ್ಪಾ, ನೋಇಂಡೆಕ್ಸ್ ಅಂದ್ರ ಏನು?”

ಆ ಕಡೆ ಸುಮಾರು ಹೊತ್ತು ಸದ್ದಿಲ್ಲ. “ಅತ್ತಿ... ಸೆಟ್ಟಿಂಗ್ಸ್‌ನಾಗ ರೀಡಿಂಗ್ ಅಂತ ಅದ ನೋಡ್ರಿ. ಅಲ್ಲಿ ಕೆಳಗ ಒಂದು ಟಿಕ್ ಅದ ಏನು?”

ಇತ್ತು. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಂತೆ ತಡೆಯಿರಿ ಅನ್ನೋ ಅರ್ಥದ ಇಂಗ್ಲಿಷ್ ಸಾಲು, ಪಕ್ಕದಲ್ಲಿ ಪುಟ್ಟ ಚೌಕ, ಚೌಕದಲ್ಲಿ ಟಿಕ್. ಸೈಟ್ ಕಟ್ಟುವಾಗ ಅರೆಬರೆ ಪುಟ ಯಾರಿಗೂ ಕಾಣಬಾರದು ಅಂತ ಅವನೇ ಹಾಕಿದ್ದು. ಎಲ್ಲರೂ ಹಾಗೇ ಮಾಡುತ್ತಾರಂತೆ. ಮುಗಿದ ಮೇಲೆ ತೆಗೆಯುವುದು ಮರೆತಿದ್ದ. “ಸಾರಿ ಅತ್ತಿ” ಅಂದ. ಅವನನ್ನು ಬೈಯಲಿಲ್ಲ, ಬಿಟ್ಟಿ ಮಾಡಿಕೊಟ್ಟವನು. ಬೈಯುವ ಹಾಗಿದ್ದರೆ ಎರಡು ತಿಂಗಳು ದುಡ್ಡು ತಿಂದೂ ಆ ಚೌಕದ ಕಡೆ ಕಣ್ಣು ಹಾಯಿಸದವರನ್ನು ಬೈಯಬೇಕು. ವರ್ಡ್‌ಪ್ರೆಸ್ ಪಾಸ್‌ವರ್ಡ್ ಅವರ ಹತ್ತಿರವೇ ಇತ್ತು. ಬಾಗಿಲ ಮೇಲಿನ ಬೋರ್ಡ್ ಓದದೆ ಗೋಡೆಗೆ ಸುಣ್ಣ ಹೊಡೆದು ಹೋದರು.

ಟಿಕ್ ತೆಗೆದೆ, ಸೇವ್ ಮಾಡಿದೆ. ಮತ್ತೆ ಕನ್ಸೋಲ್‌ಗೆ ಬಂದು ‘ಲೈವ್ ಟೆಸ್ಟ್’ ಒತ್ತಿದೆ. ಒಂದೆರಡು ನಿಮಿಷ ಗಿರಗಿರ ತಿರುಗಿ, ಈಗ ಈ ಪುಟ ಗೂಗಲ್‌ಗೆ ಸಿಗುತ್ತದೆ ಅಂತ ಹೇಳಿತು. ಪಕ್ಕದಲ್ಲೇ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಇದೆ, ಅದನ್ನೂ ಒತ್ತಿದೆ. ಇಲ್ಲಿ ಒಂದು ಮಾತು. ಅವಸರದ ಹೆಣ್ಣು ನಾನು, ಅದೇ ಪುಟಕ್ಕೆ ಮೂರು ಸಲ ಒತ್ತಿದೆ. ಎಷ್ಟು ಸಲ ಒತ್ತಿದರೂ ಸರದಿ ಮುಂದಕ್ಕೆ ಹೋಗುವುದಿಲ್ಲ ಅಂತ ಅಲ್ಲೇ ಬರೆದಿರುತ್ತದೆ. ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ಗ್ಯಾಸ್ ಬುಕ್ ಮಾಡಿದ ಹಾಗೆ, ಒಂದು ಸಲ ಆದರೆ ಆಯಿತು.

ಎಲ್ಲ ಪುಟಕ್ಕೂ ಹೀಗೆ ಒತ್ತುತ್ತಾ ಕೂರಬೇಕಾಗಿಲ್ಲ. ಅದಕ್ಕೆ ಸೈಟ್‌ಮ್ಯಾಪ್ ಇದೆ. ನಮ್ಮಲ್ಲಿ ಯಾವ ಯಾವ ಪುಟ ಇವೆ ಅಂತ ಒಂದು ಪಟ್ಟಿ. ವರ್ಡ್‌ಪ್ರೆಸ್ 2020ರಿಂದ ಅದನ್ನು ತಾನೇ ತಯಾರು ಮಾಡುತ್ತದೆ, ಪ್ಲಗಿನ್ ಅನ್ನೋ ಹೆಚ್ಚುವರಿ ತುಣುಕು ಕೂಡ ಬೇಡ. ಆ ಪಟ್ಟಿಯ ವಿಳಾಸವನ್ನು ಕನ್ಸೋಲ್‌ನ ಸೈಟ್‌ಮ್ಯಾಪ್ ಪುಟದಲ್ಲಿ ಒಂದು ಸಲ ಹಾಕಿದರೆ ಮುಗಿಯಿತು. ಒಂದು ಪಟ್ಟಿಯಲ್ಲಿ 50,000 ವಿಳಾಸದ ತನಕ ಹಿಡಿಸುತ್ತದಂತೆ. ನಮ್ಮದು 14. ಇನ್ನು ರೋಬೋಟ್ಸ್ ಫೈಲ್ ಅಂತ ಒಂದಿದೆ, ಬಾಟ್‌ಗಳಿಗೆ ಎಲ್ಲಿ ಬರಬಹುದು ಎಲ್ಲಿ ಬರಬಾರದು ಅಂತ ಹೇಳುವ ಚೀಟಿ. ನಮ್ಮದರಲ್ಲಿ ಏನೂ ತೊಂದರೆ ಇರಲಿಲ್ಲ, ಹಾಗಾಗಿ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ಆಮೇಲೆ ಕಾಯುವುದು. ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. ನಮ್ಮ ಮೊದಲ ಪುಟ ನಾಲ್ಕನೇ ದಿನಕ್ಕೆ ಬಂತು. ರೊಟ್ಟಿ ಪುಟ ಹತ್ತನೇ ದಿನಕ್ಕೆ. ಉಳಿದವು ಒಂದೊಂದಾಗಿ, ಶಿವರಾತ್ರಿ ಹೊತ್ತಿಗೆ ಹನ್ನೊಂದು. ಅಂಗಡಿ ಹೆಸರು ಹಾಕಿದರೆ ಸೀರೆ ಅಂಗಡಿಗಿಂತ ಮೇಲೆ ನಾವು. ನಮ್ಮ ಮನೆಯವರು ಫೋನ್ ಹಿಡಿದು ಓಣಿ ತುಂಬಾ ತೋರಿಸಿ ಬಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ರಿವ್ಯೂ ಬರೆಯುತ್ತಿರಲಿಲ್ಲ. ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ‘ಪರ್ಫಾರ್ಮೆನ್ಸ್’ ಅನ್ನೋ ಪುಟ. ಜನ ಏನು ಟೈಪ್ ಮಾಡಿದಾಗ ನಾವು ಕಂಡೆವು, ಎಷ್ಟು ಸಲ ಕಂಡೆವು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿದ್ದೆವು, ಎಲ್ಲ ಅಲ್ಲಿದೆ. ಅಂಗಡಿ ಮುಂದೆ ಹಾದುಹೋಗುವವರ ಮನಸ್ಸಿನ ಮಾತು ಕಿವಿಗೆ ಬಿದ್ದ ಹಾಗೆ. ದಿನಾ ರಾತ್ರಿ ಊಟ ಆದ ಮೇಲೆ ಇದನ್ನು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಧಾರಾವಾಹಿ ಬಿಟ್ಟಿದ್ದೇನೆ.

ಮೊದಲು ಕಣ್ಣಿಗೆ ಬಿದ್ದದ್ದು ಊರಿನ ಹೆಸರು. ನಮ್ಮ ವೆಬ್‌ಸೈಟ್ ತುಂಬಾ ಕಲಬುರಗಿ, ಕಲಬುರಗಿ ಅಂತಲೇ ಬರೆದಿದ್ದೆವು. 2014ರ ನವೆಂಬರ್ 1ಕ್ಕೆ ಸರಕಾರಿ ಹೆಸರು ಬದಲಾಯಿತು, ನಾವೂ ಬದಲಾದೆವು. ಹುಡುಕುವವರು ಬದಲಾಗಿಲ್ಲ! ‘ಗುಲ್ಬರ್ಗಾ ರೊಟ್ಟಿ’, ‘ಗುಲ್ಬರ್ಗಾ ಕಡಕ್ ರೋಟಿ ಆನ್‌ಲೈನ್’, ಇವೇ ಜಾಸ್ತಿ. ಕಲಬುರಗಿ ಅಂತ ಹುಡುಕುವವರಲ್ಲೂ ಇಂಗ್ಲಿಷ್ ಕಾಗುಣಿತ ನಾಲ್ಕು ಥರ. ಊರು ಬಿಟ್ಟು ಇಪ್ಪತ್ತು ವರ್ಷ ಆದವರ ಬಾಯಲ್ಲಿ ಅದು ಇನ್ನೂ ಗುಲ್ಬರ್ಗಾನೇ, ಅಲ್ವಾ? ನಮ್ಮ ವಿಶ್ವವಿದ್ಯಾಲಯದ ಹೆಸರೇ ಇನ್ನೂ ಗುಲ್ಬರ್ಗಾ. ಮೊದಲ ಪುಟದಲ್ಲಿ ‘ಗುಲ್ಬರ್ಗಾ ಅಂತ ನೀವು ಕರೆಯುವ ನಮ್ಮ ಕಲಬುರಗಿ’ ಅಂತ ಒಂದು ಸಾಲು ಸೇರಿಸಿದೆ. ಸೊಲ್ಲಾಪುರ ಕಡೆಯವರು ರೊಟ್ಟಿಗೆ ಭಾಕ್ರಿ ಅನ್ನುತ್ತಾರೆ, ‘ಕಡಕ್ ಭಾಕ್ರಿ’ ಅಂತಲೂ ಹುಡುಕಿದ್ದರು. ಅದನ್ನೂ ರೊಟ್ಟಿ ಪುಟದಲ್ಲಿ ಹಾಕಿದೆ. ಮಾತಿನ ನಡುವೆ ಬರುವ ಹಾಗೆ ಹಾಕಿದೆ, ಅರವತ್ತು ಸಲ ತುರುಕಲಿಲ್ಲ.

ಇನ್ನು ಹಿಂಡಿ ಕತೆ. ಏಪ್ರಿಲ್‌ನಲ್ಲಿ, ಬಿಸಿಲು ನೆತ್ತಿ ಸುಡುತ್ತಿರುವಾಗ, ಶೇಂಗಾ ಹಿಂಡಿ ಪುಟ ಇದ್ದಕ್ಕಿದ್ದ ಹಾಗೆ ಮೇಲೆದ್ದಿತು. ಒಂದು ವಾರದಲ್ಲಿ 400ಕ್ಕೂ ಹೆಚ್ಚು ಸಲ ಕಂಡಿದೆ, ಒತ್ತಿದವರು ಮೂರೇ ಜನ. ಯಾಕಪ್ಪಾ ಅಂತ ಹುಡುಕಿದ ಪದ ನೋಡಿದೆ. ‘ಶೇಂಗಾ ಹಿಂಡಿ ದರ’, ‘ಶೇಂಗಾ ಹಿಂಡಿ 50 ಕೆಜಿ ಚೀಲ’. ತಲೆಗೆ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಆಳಂದ ಕಡೆಯಿಂದ ಒಬ್ಬರು ಫೋನ್ ಮಾಡಿದರು.

“ಅಕ್ಕೋರೆ, ಹಿಂಡಿ ಚೀಲಕ್ಕ ಎಷ್ಟರಿ?”

“ಚೀಲ ಇಲ್ರಿ, ಕಾಲು ಕೆಜಿ ಪಾಕೀಟು ಅದಾವ.”

“ಕಾಲು ಕೆಜಿ ಎದಕ್ಕ ಸಾಲ್ತದರಿ? ಎರಡು ಎಮ್ಮಿ ಅದಾವ.”

ಆಗ ತಿಳಿಯಿತು. ನಮ್ಮ ಕಡೆ ಚಟ್ನಿ ಪುಡಿಗೂ ಹಿಂಡಿ ಅನ್ನುತ್ತೇವೆ, ಎಣ್ಣೆ ತೆಗೆದ ಮೇಲೆ ಉಳಿಯುವ ದನದ ಮೇವಿಗೂ ಹಿಂಡಿ ಅನ್ನುತ್ತೇವೆ. ಮನೆಯಲ್ಲಿ ಕೂತು ‘ಹಿಂಡಿ ಹಾಕು’ ಅಂದರೆ ತಟ್ಟೆಗೋ ಗೋದಲಿಗೋ ಅಂತ ಯಾರೂ ಕೇಳುವುದಿಲ್ಲ. ಗೂಗಲ್‌ಗೆ ಹೇಗೆ ಗೊತ್ತಾಗಬೇಕು? ಪುಟದ ಶೀರ್ಷಿಕೆ ಬದಲಿಸಿದೆ. ‘ಶೇಂಗಾ ಹಿಂಡಿ, ರೊಟ್ಟಿ ಜೊತೆ ತಿನ್ನುವ ಚಟ್ನಿ ಪುಡಿ’ ಅಂತ ಮಾಡಿದೆ. ಕೆಳಗೆ ನಮ್ಮತ್ತೆಯವರ ಪದ್ಧತಿ ಬರೆದೆ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಬೆಳ್ಳುಳ್ಳಿ, ಖಾರದ ಪುಡಿ, ಜೀರಿಗೆ, ಉಪ್ಪು ಹಾಕಿ ಒರಳಲ್ಲಿ ಕುಟ್ಟಬೇಕು. ಕೈಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವ ಹಾಗೆ ಎಣ್ಣೆ ಬಿಟ್ಟಾಗ ನಿಲ್ಲಿಸಬೇಕು. ಮಿಕ್ಸಿಗೆ ಹಾಕಿದರೆ ಒಂದು ಸುತ್ತು ಹೆಚ್ಚಾದರೂ ಮುದ್ದೆ. ಈ ಪುಟಕ್ಕೆ ‘ಶೇಂಗಾ ಹಿಂಡಿ ಮಾಡುವುದು ಹೇಗೆ’ ಅಂತ ಹುಡುಕುವವರು ಬರತೊಡಗಿದರು. ಮಾಡುವುದು ಓದಿ, ಇಷ್ಟು ರಗಳೆ ಯಾರಿಗೆ ಬೇಕು ಅಂತ ಪಾಕೀಟು ಕೊಳ್ಳುವವರೇ ಜಾಸ್ತಿ. ಈಗ ನಮ್ಮಲ್ಲಿ ಅತಿ ಹೆಚ್ಚು ಜನ ಬರುವ ಪುಟ ಇದು. ಎಮ್ಮೆಯ ಯಜಮಾನರೂ ಅರ್ಧ ಕೆಜಿ ತರಿಸಿಕೊಂಡರು, ಮನುಷ್ಯರಿಗೆ.

ಕನ್ನಡದಲ್ಲಿ ವೆಬ್‌ಸೈಟ್ ಮಾಡುವವರಿಗೆ ಇನ್ನೊಂದು ಹೇಳಬೇಕು, ಇದನ್ನು ಯಾವ ಇಂಗ್ಲಿಷ್ ವಿಡಿಯೋದವರೂ ಹೇಳುವುದಿಲ್ಲ. ಅಗಸಿ ಹಿಂಡಿ ಪುಟ ಕಾಣಲೇ ಇಲ್ಲ. ಆ ಪುಟದ ಬರಹ ಬಂದದ್ದು ಪಾಂಪ್ಲೆಟ್ ಮಾಡಿಕೊಟ್ಟ ಡಿಟಿಪಿ ಅಂಗಡಿಯಿಂದ. ‘ನುಡಿ’ ಅನ್ನೋ ಹಳೇ ಕನ್ನಡ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದನ್ನು ಅಂಟಿಸಿದಾಗ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ ಬಂತು, ಮೇಲೆ ಎರಡು ಚುಕ್ಕಿಯ ಅಕ್ಷರ, ಬಾಲದ ಅಕ್ಷರ, ಏನೇನೋ. ಸರಿ ಅಂತ ಅಳಿಯ ಪಾಂಪ್ಲೆಟ್‌ನ ಫೋಟೋವನ್ನೇ ಪುಟದಲ್ಲಿ ಹಾಕಿಬಿಟ್ಟಿದ್ದ. ನಮ್ಮ ಕಣ್ಣಿಗೆ ಅದು ಕನ್ನಡ. ಪುಟ ಓದುವ ಬಾಟ್‌ಗೆ ಅಲ್ಲಿ ಒಂದು ಚಿತ್ರ ಇದೆ, ಬರಹ ಇಲ್ಲ. ಎಲ್ಲ ಫೋನು, ಕಂಪ್ಯೂಟರ್‌ಗೂ ಕನ್ನಡವಾಗಿಯೇ ತಿಳಿಯುವ ಯೂನಿಕೋಡ್‌ನಲ್ಲಿ ಕೂತು ಮತ್ತೆ ಟೈಪ್ ಮಾಡಿದೆ, ಫೋನ್‌ನಲ್ಲೇ, ಎರಡು ಸಂಜೆ. ಮೂರು ವಾರಕ್ಕೆ ಬಂತು. ಹಳೇ ಪಾಂಪ್ಲೆಟ್, ಲಗ್ನಪತ್ರಿಕೆ ಥರ ಡಿಟಿಪಿ ಮಾಡಿಸಿದ ಬರಹವನ್ನೇ ವೆಬ್‌ಸೈಟ್‌ಗೆ ಹಾಕಿದವರು ಒಂದು ಸಲ ನೋಡಿಕೊಳ್ಳಿ. ಪುಟದ ಬರಹವನ್ನು ಆರಿಸಿ ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡವಾಗಿಯೇ ಬಿದ್ದರೆ ಸರಿ.

ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇಟ್ಟರೆ ನಡೆಯುತ್ತದೆ, ಗೂಗಲ್‌ಗೆ ತೊಂದರೆ ಇಲ್ಲ. ಆದರೆ ಕಾಪಿ ಮಾಡಿ ಯಾರಿಗಾದರೂ ಕಳಿಸಿದರೆ ಬಹಳ ಸಲ ಶೇಕಡಾ ಚಿಹ್ನೆಗಳ ಮೂರು ಮೊಳದ ಬಾಲವಾಗಿ ಹೋಗುತ್ತದೆ, ಒಂದೊಂದು ಕನ್ನಡ ಅಕ್ಷರಕ್ಕೆ ಕಡಿಮೆಯೆಂದರೂ ಮೂರು ಶೇಕಡಾ. ನೋಡಿದವರು ವೈರಸ್ ಅಂತ ಹೆದರುತ್ತಾರೆ. ನಾನು ವಿಳಾಸಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಳಗಿನ ಬರಹವನ್ನು ಕನ್ನಡದಲ್ಲಿ ಇಟ್ಟಿದ್ದೇನೆ.

ಕುಂದುಗಳೂ ಇವೆ. ಅಂಕಿ ಅವತ್ತಿನದ್ದು ಅವತ್ತೇ ಪೂರ್ತಿ ಸಿಗುವುದಿಲ್ಲ, ಪಕ್ಕಾ ಲೆಕ್ಕ ಸಾಮಾನ್ಯವಾಗಿ ಎರಡು ಮೂರು ದಿನ ಹಿಂದೆ ಇರುತ್ತದೆ. ಹಬ್ಬದ ಮುನ್ನಾದಿನ ಜನ ಏನು ಹುಡುಕಿದರು ಅಂತ ಹಬ್ಬ ಮುಗಿದ ಮೇಲೆ ಪೂರ್ತಿ ತಿಳಿದು ಏನು ಉಪಯೋಗ? 16 ತಿಂಗಳಿಗಿಂತ ಹಿಂದಿನದ್ದು ಉಳಿಯುವುದಿಲ್ಲ, ಬೇಕಿದ್ದರೆ ನಾವೇ ಇಳಿಸಿಕೊಂಡು ಇಡಬೇಕು. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಅವರ ಗುಟ್ಟು ಕಾಯಲು ತೋರಿಸುವುದಿಲ್ಲ, ಹಾಗಾಗಿ ಕೆಳಗಿನ ಮೊತ್ತಕ್ಕೂ ಮೇಲಿನ ಮೊತ್ತಕ್ಕೂ ತಾಳೆ ಬೀಳುವುದಿಲ್ಲ. ಒಂದು ವಾರ ಕೂಡಿಸಿ ಕಳೆದು ತಲೆ ಕೆಡಿಸಿಕೊಂಡೆ. ಆದರೆ ದೊಡ್ಡ ಕುಂದು ಅದರ ಮಾತಿನ ರೀತಿ. ‘ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ’ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಬೀಗರು ಹುಡುಗಿ ನೋಡಿ ಹೋಗಿ ‘ತಿಳಿಸ್ತೀವಿ’ ಅಂದ ಹಾಗೆ.

ಬಿಂಗ್ ಬಗ್ಗೆ ಎರಡು ಮಾತು ಸಾಕು. ಅದರ ವೆಬ್‌ಮಾಸ್ಟರ್ ಟೂಲ್ಸ್ ಕೂಡ ಬಿಟ್ಟಿ, ಸರ್ಚ್ ಕನ್ಸೋಲ್‌ನಿಂದ ಸೈಟ್, ಸೈಟ್‌ಮ್ಯಾಪ್ ಎಳೆದುಕೊಳ್ಳುವ ಬಟನ್ ಇದೆ, ಐದು ನಿಮಿಷದ ಕೆಲಸ. ಡಕ್‌ಡಕ್‌ಗೋ, ಯಾಹೂ ಬಹುಪಾಲು ಬಿಂಗ್‌ನ ವಹಿಯನ್ನೇ ನೋಡುವುದರಿಂದ ಅಲ್ಲಿಗೂ ದಾರಿಯಾಯಿತು. ನಮಗೆ ಅಲ್ಲಿಂದ ಬಂದ ಗಿರಾಕಿಗಳು ಕೈಬೆರಳಿನಷ್ಟು.

ಮ್ಯಾಪ್‌ನಲ್ಲಿ ಅಂಗಡಿ ತೋರಿಸುವ ಬಿಸಿನೆಸ್ ಪ್ರೊಫೈಲ್ ಬೇರೆ, ಇದು ಬೇರೆ. ಅದೂ ಬಿಟ್ಟಿನೇ. ಊರೊಳಗೇ ಮಾರುವ ಅಂಗಡಿಯಾದರೆ ಮೊದಲು ಅದನ್ನು ಮಾಡಿ, ವೆಬ್‌ಸೈಟ್ ಆಮೇಲೆ. ನಮ್ಮದಕ್ಕೆ ವಿಡಿಯೋ ಕೇಳಿದರು. ಬೋರ್ಡ್, ಓಣಿ, ಒಳಗಿನ ಒಲೆ ಎಲ್ಲ ಒಂದೇ ಉಸಿರಿಗೆ ತೋರಿಸಿ ಕಳಿಸಿದೆ. ತಟ್ಟುತ್ತಿದ್ದವರು ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಕಡೆ ತಿರುಗಿಬಿಟ್ಟಿದ್ದರು, ಒಂದು ಸುತ್ತು ರೊಟ್ಟಿ ಸೀದವು.

ಯಾರಿಗೆ ಬೇಡ ಅಂತಲೂ ಹೇಳುತ್ತೇನೆ. ನಾಳೆ ಬೆಳಿಗ್ಗೆಯೇ ಮೊದಲ ಜಾಗ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಅಂಥವರು ಜಾಹೀರಾತು ಕೊಡಬೇಕು, ಅದು ಬೇರೆ ಲೆಕ್ಕ. ಹುಡುಕಾಟದಲ್ಲಿ ಮೇಲೆ ಬರಲು ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ, ಮೊದಲ ಜಾಗದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಅವರೇ ಬರೆದಿಟ್ಟಿದ್ದಾರೆ. ಆ ಸಾಲನ್ನು ನಾನು ದೀಪಾವಳಿಗೆ ಮೊದಲು ಓದಬೇಕಿತ್ತು. ಈಗಲೂ ಫೋನ್ ಬರುತ್ತವೆ. “ನಮ್ಮ ಸೈಟ್‌ನಾಗ ಎಷ್ಟು ಪುಟ ಇಂಡೆಕ್ಸ್ ಆಗ್ಯಾವ, ಹೇಳ್ರಿ ನೋಡೋಣ” ಅನ್ನುತ್ತೇನೆ. ಆ ಕಡೆಯಿಂದ ಇಡುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ‘ತಿಳಿಸ್ತೀವಿ’ ಮಾತಿಗೆ.

ನಮ್ಮ 14ರಲ್ಲಿ ಈಗ 13 ಬಂದಿವೆ. ಬಾಕಿ ಇರುವುದು ತೊಗರಿ ಬೇಳೆ ಪುಟ, ಎಂಟು ತಿಂಗಳಿಂದ ‘ಕ್ರಾಲ್ ಆಗಿದೆ, ಇಂಡೆಕ್ಸ್ ಆಗಿಲ್ಲ’. ಕನ್ಸೋಲ್ ಕಾರಣ ಹೇಳದಿದ್ದರೂ ನನಗೆ ಅನುಮಾನ ಇದೆ. ಆ ಬರಹ ಬೇಳೆ ಪಾಕೀಟಿನ ಹಿಂದಿನದ್ದು, ಅದೇ ನಾಲ್ಕು ಸಾಲು ಇನ್ನೂ ಹತ್ತಾರು ಅಂಗಡಿಗಳ ಸೈಟ್‌ನಲ್ಲಿದೆ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಬಂತು, ಅದನ್ನೂ ಎಲ್ಲರೂ ಬರೆದುಕೊಂಡಿದ್ದಾರೆ. ಗಂಜಿನಲ್ಲಿ ನಮ್ಮ ಮಾವನವರ ಗೆಳೆಯರೊಬ್ಬರಿದ್ದಾರೆ, ನಲವತ್ತು ವರ್ಷದಿಂದ ಅಡತಿ ಅಂಗಡಿ. ಕಾಳು ಬಾಯಿಗೆ ಹಾಕಿ ಕಡಿದು ಯಾವ ಕಡೆಯ ತೊಗರಿ ಅಂತ ಹೇಳುತ್ತಾರೆ. ಈ ಭಾನುವಾರ ಆ ಕಾಕಾನ ಮನೆಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಹೋಗಿ, ಫೋನ್‌ನಲ್ಲಿ ರೆಕಾರ್ಡ್ ಹಚ್ಚಿ ಕೂರುವವಳಿದ್ದೇನೆ.